ಕಲ್ಲು ಕಟ್ಟದ ನೀರು

ಎರಡು ಎತ್ತುಗಳು ಸದಾ ಗುದ್ದಾಡುತ್ತವೆಂದು ಅವುಗಳ ಬಾಲಕ್ಕೆ ಬಾಲ ಗಂಟು ಹಾಕಿದ ಪುಣ್ಯಾತ್ಮನೊಬ್ಬನಿದ್ದನಂತೆ. ಆನ್ಸೆಲ್ಮ್ ಶಾಸಾಂಗ್ ಸಾಯುವಾಗ ಮಾಡಿದ್ದೂ ಅದನ್ನೇ. ಗುಡ್ಡದ ಮೇಲಿನ ಬುಗ್ಗೆಯನ್ನೂ ಅದರ ಪಕ್ಕದ ಕಪ್ಪುಕಲ್ಲಿನ ಮನೆಯನ್ನೂ ದೊಡ್ಡ ಮಗಳು ಅರ್ಮಾಂದಳಿಗೆ ಬರೆದ. ಗುಡ್ಡದ ಬುಡದ ಬಾಟಲಿ ಮನೆಯನ್ನೂ, ಬಾಟಲಿಯ ಮೇಲೆ ಅಂಟಿಸುವ ಹೆಸರನ್ನೂ ಚಿಕ್ಕವಳು ಲಿಯೊಂತೀನಳಿಗೆ ಬರೆದ. ನೀರು ಒಬ್ಬಳಿಗೆ, ನೀರಿನ ಹೆಸರು ಇನ್ನೊಬ್ಬಳಿಗೆ. ಎರಡರ ನಡುವೆ ಇಳಿಜಾರಿನ ಮಣ್ಣೊಳಗೆ ಹುದುಗಿದ ಒಂದೇ ಒಂದು ಕಬ್ಬಿಣದ ಪೈಪು. ಇನ್ನು ಇವರು ಒಬ್ಬರನ್ನೊಬ್ಬರು ಬಿಟ್ಟಿರಲಾರರು ಎಂಬ ನೆಮ್ಮದಿಯಲ್ಲಿ ಮುದುಕ ಕಣ್ಣು ಮುಚ್ಚಿದ. ಅವನ ಗೋರಿಯ ಮಣ್ಣು ಒಣಗುವ ಮೊದಲೇ ಎತ್ತುಗಳು ಎರಡು ದಿಕ್ಕಿಗೆ ಎಳೆಯತೊಡಗಿದ್ದವು.

ಫೋಂಲೂಬ್ ಊರಿನ ಈ ನೀರಿನ ಕಥೆ ಒವೆರ್ನ್ಯ್ ಸೀಮೆಯಲ್ಲಿ ಕೇಳದವರಿರಲಿಲ್ಲ. ಅರ್ಮಾಂದಳ ಮುತ್ತಜ್ಜ ಆಡು ಕಾಯುತ್ತಿದ್ದಾಗ ಒಂದು ಹೆಣ್ಣು ತೋಳ ಹೊಟ್ಟೆ ನೆಲಕ್ಕೆ ಎಳೆದುಕೊಂಡು, ನರಳುತ್ತ ಹೋಗುವುದನ್ನು ಕಂಡನಂತೆ. ಹೊಡೆಯಲು ಕೋಲೆತ್ತಿ ಹಿಂಬಾಲಿಸಿದ. ತೋಳ ಬಂಡೆಯ ಸಂದಿಗೆ ಬಾಯಿ ಹಾಕಿ, ಗುಳುಗುಳು ಎನ್ನುವ ಹುಳಿನೀರನ್ನು ಕುಡಿಯಿತು. ಕುಡಿದು ಮಲಗಿತು. ಬೆಳಗಾಗುವುದರೊಳಗೆ ಅದರ ಹೊಟ್ಟೆಯೊಳಗಿನ ಕಲ್ಲು ಮೂತ್ರದೊಡನೆ ಉದುರಿ, ತೋಳ ಮರಿಯಂತೆ ಜಿಗಿಯುತ್ತ ಕಾಡಿಗೆ ಓಡಿತು. ಆಡು ಕಾಯುವವನು ತನ್ನ ಕೋಲನ್ನು ಅಲ್ಲೇ ನೆಟ್ಟ. ಅಂದಿನಿಂದ ಬಾಟಲಿಯ ಲೇಬಲ್ಲಿನ ಮೇಲೆ ತಲೆ ಬಗ್ಗಿಸಿ ನೀರು ಕುಡಿಯುವ ತೋಳ. ಅದರ ಕಾಲ ಕೆಳಗೆ ಮೂರೇ ಮಾತು: ಕಲ್ಲು ಕಟ್ಟದ ನೀರು.

ಮೂತ್ರಪಿಂಡದಲ್ಲಿ ಕಲ್ಲಿರುವ ಪ್ಯಾರಿಸಿನ ದೊಡ್ಡ ಮನುಷ್ಯರು ಪೆಟ್ಟಿಗೆಗಟ್ಟಲೆ ತರಿಸಿಕೊಳ್ಳುತ್ತಿದ್ದುದು ಆ ಮೂರು ಮಾತಿಗಾಗಿ. ಹೊಳೆಯಾಚೆಯ ಊರಿನಲ್ಲೂ ಬುಗ್ಗೆಯಿತ್ತು. ಆದರೆ ಆ ನೀರು ಮುಟ್ಟಿದ್ದನ್ನೆಲ್ಲ ಕಲ್ಲು ಮಾಡುತ್ತಿತ್ತು. ಅಲ್ಲಿನವರು ಅಚ್ಚುಗಳ ಮೇಲೆ ಅದನ್ನು ತೊಟ್ಟಿಕ್ಕಿಸಿ, ತಿಂಗಳುಗಟ್ಟಲೆ ಕಾದು, ಬಿಳಿಯ ಕಲ್ಲಿನ ಸಂತರನ್ನೂ ಹಕ್ಕಿಗೂಡುಗಳನ್ನೂ ಎಬ್ಬಿಸಿ ಚರ್ಚಿನ ಬಾಗಿಲಲ್ಲಿ ಮಾರುತ್ತಿದ್ದರು. ಆನ್ಸೆಲ್ಮ್ ಅವರನ್ನು ಕಂಡರೆ ಉಗುಳುತ್ತಿದ್ದ. "ಅವರ ನೀರು ಕಲ್ಲು ಹೆರುತ್ತೆ, ನಮ್ಮ ನೀರು ಕಲ್ಲು ಕರಗಿಸುತ್ತೆ. ಒಂದೇ ಗುಡ್ಡದ ಹೊಟ್ಟೇಲಿ ಹುಟ್ಟಿದ್ರೂ ದೇವರು ಒಂದಕ್ಕೆ ಗುಣ ಕೊಟ್ಟ, ಒಂದಕ್ಕೆ ಕೊಡಲಿಲ್ಲ" ಎನ್ನುತ್ತಿದ್ದ.

ಆ ಮನೆಯಲ್ಲಿ ಒಂದು ಕಟ್ಟಳೆಯಿತ್ತು. ಬುಗ್ಗೆಯ ನೀರನ್ನು ಒಲೆಯ ಮೇಲೆ ಇಡಬಾರದು. ಉರಿ ಕಂಡರೆ ಗುಳ್ಳೆಯ ಜೀವ ಹೋಗುತ್ತದೆ, ನೀರಿನ ಜೀವ ತೆಗೆದವರ ಮನೆಯ ಬುಗ್ಗೆ ಬತ್ತುತ್ತದೆ ಎಂದು ಅಪ್ಪ ಹೇಳಿದ್ದ. ಅಡುಗೆಗೆ ಬಾವಿಯ ನೀರು, ಕುಡಿಯಲು ಮಾತ್ರ ಬುಗ್ಗೆಯ ನೀರು. ಬಾವಿಯ ಪಂಪು ಹೊಡೆದು ಹೊಡೆದು ಹುಡುಗಿಯರ ಅಂಗೈ ಬೊಬ್ಬೆ ಬಂದರೂ ಆ ಕಟ್ಟಳೆ ಮುರಿಯಲಿಲ್ಲ. ಅಪ್ಪ ಸತ್ತ ಮೇಲೂ ಅರ್ಮಾಂದ್ ಅದನ್ನು ಜಪಮಾಲೆಯಷ್ಟೇ ಭಕ್ತಿಯಿಂದ ಪಾಲಿಸಿಕೊಂಡು ಬಂದಳು. ಮದುವೆಯಾಗಲಿಲ್ಲ. ಬುಗ್ಗೆಯೇ ಅವಳ ಗಂಡ, ಬುಗ್ಗೆಯೇ ಮಗು ಎಂದು ಊರವರು ನಗುತ್ತಿದ್ದರು. ನಕ್ಕರೆ ನಗಲಿ. ಬೆಳಿಗ್ಗೆ ಎದ್ದವಳು ಮೊದಲು ಹೋಗಿ ಆ ಬಂಡೆಯ ಸಂದಿಗೆ ಕಿವಿಯಿಡುತ್ತಿದ್ದಳು. ಒಳಗೆ ಯಾರೋ ಸಾವಿರ ಮಂದಿ ಪಿಸುಗುಡುವ ಹಾಗೆ ಕೇಳುತ್ತಿತ್ತು. ಆ ಸದ್ದು ಕೇಳಿದ ಮೇಲೆಯೇ ಅವಳಿಗೆ ರೊಟ್ಟಿ ಸೇರುತ್ತಿದ್ದುದು.

ಜಗಳ ಶುರುವಾದದ್ದು ಬಾಟಲಿ ಮನೆಗೆ ನೀರು ಕಡಿಮೆಯಾದಾಗ. ಮೊದಲು ಸ್ವಲ್ಪ, ಆಮೇಲೆ ಕಣ್ಣಿಗೆ ಕಾಣುವಷ್ಟು. ಬುಗ್ಗೆಯ ಬಾಯಲ್ಲಿ ಪೈಪಿಗೊಂದು ದೊಡ್ಡ ವಾಲ್ವು ಇತ್ತು, ಅದು ಅರ್ಮಾಂದಳ ಅಂಗಳದಲ್ಲಿತ್ತು. ಇನ್ನು ಹೇಳಬೇಕೆ? ಭಾನುವಾರ ಪೂಜೆ ಮುಗಿದು ಊರೆಲ್ಲ ಚರ್ಚಿನ ಮೆಟ್ಟಿಲ ಮೇಲಿರುವಾಗ ಲಿಯೊಂತೀನ್ ಅಕ್ಕನ ಎದುರು ಬಂದು ನಿಂತಳು. ತಲೆಯ ಮೇಲೆ ಹೊಸ ಟೋಪಿ, ಕೈಯಲ್ಲಿ ಪ್ರಾರ್ಥನೆ ಪುಸ್ತಕ.

"ಏನಕ್ಕಾ, ದೇವರ ಹತ್ರ ಏನು ಬೇಡ್ಕೊಂಡೆ? ವಾಲ್ವು ತಿರುಗಿಸೋಕೆ ಕೈಗೆ ಇನ್ನೂ ಸ್ವಲ್ಪ ಬಲ ಕೊಡು ಅಂತಲಾ?"

"ನಾನು ವಾಲ್ವು ಮುಟ್ಟಿಲ್ಲ."

"ಅಯ್ಯೋ ಪಾಪ, ಮುಟ್ಟಿಲ್ಲವಂತೆ! ಹಂಗಾದ್ರೆ ನೀರೇನು ನನ್ನ ಕಂಡು ನಾಚಿಕೊಂಡು ಹಿಂದಕ್ಕೆ ಹೋಗುತ್ತಾ?"

"ಹೋದ್ರೂ ಹೋಗಬಹುದು. ಮುಖ ನೋಡ್ಕೊಂಡಿದ್ದೀಯಾ ಕನ್ನಡೀಲಿ?"

ಮೆಟ್ಟಿಲ ಮೇಲಿದ್ದವರು ಕಿಸಕ್ಕೆಂದರು. ಲಿಯೊಂತೀನಳ ಗಂಡ ಇಪೊಲೀತ್ ಹೆಂಡತಿಯ ತೋಳು ಹಿಡಿದೆಳೆದ. ಅವಳು ಕೊಡವಿಕೊಂಡಳು.

"ಮಕ್ಕಳಿಲ್ಲದೋಳು, ಮರಿಯಿಲ್ಲದೋಳು, ಯಾರಿಗೆ ಕೂಡಿಡ್ತಾ ಇದ್ದೀಯೇ ಆ ನೀರನ್ನ? ಸತ್ತ ಮೇಲೆ ಪೆಟ್ಟಿಗೇಲಿ ತುಂಬಿಸ್ಕೊಂಡು ಹೋಗ್ತೀಯಾ? ಕೋರ್ಟಿಗೆ ಹೋಗ್ತೀನಿ. ಬುಗ್ಗೆಯನ್ನೇ ಕಿತ್ಕೋತೀನಿ ನಿನ್ನ ಕೈಯಿಂದ."

ಹೋಗಿಯೂ ಹೋದಳು. ಕೋರ್ಟಿನವರು ಬಂದು ವಾಲ್ವನ್ನು ಪೂರ್ತಿ ತೆರೆದು, ತಂತಿ ಬಿಗಿದು, ಅರಗಿನ ಮುದ್ರೆ ಒತ್ತಿ ಹೋದರು. ತೀರ್ಪು ಬರುವ ತನಕ ಅದನ್ನು ಯಾರೂ ಮುಟ್ಟಕೂಡದು. ಅರ್ಮಾಂದ್ ಶಿಲುಬೆಯ ಮೇಲೆ ಕೈಯಿಟ್ಟು, ಈ ವಾಲ್ವಿಗೆ ನಾನು ಹಿಂದೆ ಕೈ ಹಾಕಿದವಳಲ್ಲ, ಮುಂದೆ ಹಾಕುವವಳೂ ಅಲ್ಲ ಎಂದು ಪ್ರಮಾಣ ಮಾಡಿದಳು. ಇನ್ನಾದರೂ ನೀರು ಹರಿಯಬೇಕಿತ್ತಲ್ಲ? ಹರಿಯಲಿಲ್ಲ. ಲಿಯೊಂತೀನಳ ವಕೀಲ, ಇವಳು ಮಣ್ಣೊಳಗೆ ಕಳ್ಳ ಪೈಪು ಹಾಕಿ ನೀರು ಬೇರೆಡೆಗೆ ತಿರುಗಿಸಿದ್ದಾಳೆ ಎಂದ. ಇಂಥವಳ ಕೈಯಲ್ಲಿ ಬುಗ್ಗೆಯಿರುವುದು ಊರಿಗೇ ಕೇಡು, ಅದನ್ನು ತಂಗಿಗೆ ಒಪ್ಪಿಸಬೇಕು ಎಂದ. ಹಾಲು ಮಾರುವವಳು ಅರ್ಮಾಂದಳ ಬಾಗಿಲಿಗೆ ಬರುವುದನ್ನು ನಿಲ್ಲಿಸಿದಳು. ರೊಟ್ಟಿ ಅಂಗಡಿಯವನು ರೊಟ್ಟಿಯನ್ನು ಕೈಗೆ ಕೊಡದೆ ಹಲಗೆಯ ಮೇಲೆ ಎಸೆದ. ಬಾಟಲಿ ಮನೆ ಮುಚ್ಚಿದರೆ ಅರ್ಧ ಊರಿಗೆ ಕೆಲಸವಿಲ್ಲ. ಅವರ ಸಿಟ್ಟಿಗೂ ಕಾರಣವಿತ್ತು.

ಆ ಚಳಿಗಾಲ ಬಾವಿಯ ಪಂಪು ಹೆಪ್ಪುಗಟ್ಟಿ ನಿಂತಿತು. ಬಿಸಿ ಬೂದಿ ಸುರಿದರೂ ಅಲುಗಲಿಲ್ಲ. ಬೇರೆ ವರ್ಷವಾಗಿದ್ದರೆ ಪಕ್ಕದ ಮನೆಯಿಂದ ಒಂದು ಕೊಡ ನೀರು ತರುತ್ತಿದ್ದಳು. ಈಗ ಯಾರ ಬಾಗಿಲು ತಟ್ಟುವುದು? ಒಲೆಯ ಮೇಲೆ ಹಂದಿಯ ಉಪ್ಪುಮಾಂಸ, ಎಲೆಕೋಸು, ಬೇಳೆ ಎಲ್ಲ ಹಾಕಿಟ್ಟ ಕಬ್ಬಿಣದ ಪಾತ್ರೆ ಒಣಗಿ ಕೂತಿತ್ತು. ಹೊಟ್ಟೆ ಕೂಗುತ್ತಿತ್ತು. ಅರ್ಮಾಂದ್ ಬುಗ್ಗೆಯಿಂದ ಒಂದು ಬಿಂದಿಗೆ ನೀರು ತಂದು, ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡು, ಪಾತ್ರೆಗೆ ಸುರಿದಳು.

ನೀರು ಮೊದಲು ನೊರೆನೊರೆಯಾಗಿ ಉಕ್ಕಿತು. ಆಮೇಲೆ ಸತ್ತಂತೆ ಸುಮ್ಮನಾಯಿತು. ಅಪ್ಪ ಹೇಳಿದ್ದು ನಿಜ, ಜೀವ ಹೋಯಿತು ಎಂದುಕೊಂಡಳು. ಉಂಡು, ಪಾತ್ರೆ ತೊಳೆಯಲು ಕೂತಾಗ ಅದರ ಒಳಮೈಯಲ್ಲಿ ಸುಣ್ಣ ಬಳಿದಂತೆ ಒಂದು ಬಿಳಿಯ ಬಳೆ ಕೂತಿತ್ತು. ಉಜ್ಜಿದಳು. ಹೋಗಲಿಲ್ಲ. ಉಗುರಿನಿಂದ ಕೆರೆದಳು, ಉಗುರು ಮುರಿಯಿತು. ಮರುದಿನ ಬರೀ ನೀರನ್ನೇ ಇಟ್ಟು ಕುದಿಸಿದಳು. ಅದರ ಮರುದಿನವೂ. ಬಳೆ ದಪ್ಪವಾಯಿತು. ಹೊಳೆಯಾಚೆಯವರು ಮಾರುವ ಸಂತರ ಬಣ್ಣ, ಅದೇ ಹೊಳಪು, ಬೆರಳಿಗೆ ಅದೇ ಒರಟು.

ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಒಲೆಯ ಮುಂದೆ ಬಹಳ ಹೊತ್ತು ಕೂತಳು. ಚಿಕ್ಕಂದಿನಲ್ಲಿ ಆಗೊಮ್ಮೆ ಈಗೊಮ್ಮೆ ಅಪ್ಪ ಇಬ್ಬರನ್ನೂ ಗಾಡಿ ಹತ್ತಿಸಿ ಇಸ್ವಾರ್ ಪೇಟೆಯ ಸೋದರತ್ತೆಯ ಮನೆಗೆ ಕಳಿಸುತ್ತಿದ್ದ. ವಾರ ಕಳೆದು ವಾಪಸ್ಸು ಬಂದರೆ ಬೇಲಿಯ ಬಳಿಯ ನೆಲ ಹೊಸದಾಗಿ ಅಗೆದು ಮುಚ್ಚಿದಂತಿರುತ್ತಿತ್ತು. "ಕಾಡುಹಂದಿ ಬಗೆದು ಹಾಕ್ತು ಮಕ್ಕಳೇ" ಎನ್ನುತ್ತಿದ್ದ ಅಪ್ಪ. ಅವಳು ಆ ಹಂದಿಯನ್ನು ಕನಸಿನಲ್ಲಿ ಕೂಡ ಕಂಡಿದ್ದಳು. ಅದಕ್ಕೆ ಬೆಳ್ಳಿಯ ಕೋರೆಗಳಿದ್ದವು. ಈಗ ಆ ಹಂದಿ ಅವಳ ಕಣ್ಣೆದುರೇ ಎದ್ದು ನಿಂತು, ಅಂಗಿಯ ತೋಳು ಮಡಚಿ, ಕೈಯಲ್ಲಿ ಗುದ್ದಲಿ ಹಿಡಿದು, ಪೈಪಿನ ಹೊಟ್ಟೆಯಿಂದ ಕಲ್ಲು ಕೆರೆಯತೊಡಗಿತು. ಅದಕ್ಕೆ ಅಪ್ಪನ ಮುಖವಿತ್ತು.

ಪಾತ್ರೆಯನ್ನು ಶಾಲಿನೊಳಗೆ ಮುಚ್ಚಿಕೊಂಡು ಅವಳು ಗುಡ್ಡ ಇಳಿದಳು. ಲಿಯೊಂತೀನ್ ತನ್ನ ಮನೆಯ ಮೇಜಿನ ಮೇಲೆ ಗಿಣ್ಣಿನ ತುಂಡು ಕೊಯ್ಯುತ್ತಿದ್ದಳು. ಅಕ್ಕ ಪಾತ್ರೆಯನ್ನು ಅವಳೆದುರು ಕುಕ್ಕಿದಳು. ತಂಗಿ ಒಳಗೆ ಬಗ್ಗಿ ನೋಡಿದಳು. ಬೆಚ್ಚಲಿಲ್ಲ, ಇದೇನು ಎಂದು ಕೇಳಲಿಲ್ಲ. ಎದ್ದು ಹೋಗಿ ಬಾಗಿಲು ಹಾಕಿ ಬಂದಳು.

ಅರ್ಮಾಂದಳಿಗೆ ಅಷ್ಟೇ ಸಾಕಾಯಿತು. "ನಿನಗೆ ಗೊತ್ತಿತ್ತು."

"ಏನು ಗೊತ್ತಿತ್ತು? ನೀನು ಪಾತ್ರೆ ತೊಳೆಯೋಲ್ಲ ಅಂತಲಾ? ಅದು ಊರಿಗೇ ಗೊತ್ತು."

"ಪೈಪು ಕಲ್ಲು ಕಟ್ಕೊಂಡಿದೆ ಅಂತ ಗೊತ್ತಿದ್ದೂ ನನ್ನ ಕಳ್ಳಿ ಅಂದೆ. ಕೋರ್ಟಿನಲ್ಲಿ ಅಂದೆ. ಚರ್ಚಿನ ಬಾಗಿಲಲ್ಲಿ ಅಂದೆ."

ಲಿಯೊಂತೀನ್ ಒಂದು ತುಂಡು ಗಿಣ್ಣು ಬಾಯಿಗೆ ಹಾಕಿಕೊಂಡಳು. "ನೋಡಕ್ಕಾ, ಕೂತ್ಕೋ. ಕೂರೋಲ್ವಾ? ಬೇಡ ಬಿಡು, ನಿಂತೇ ಕೇಳು. ಬುಗ್ಗೆ ನನ್ನ ಕೈಗೆ ಬರಲಿ. ನಾನು ಸದ್ದಿಲ್ಲದೆ ಪೈಪು ಸರಿ ಮಾಡಿಸ್ತೀನಿ, ಅಪ್ಪ ಮಾಡಿಸ್ತಿದ್ದ ಹಾಗೆ. ನೀರು ಬರುತ್ತೆ, ಊರು ಉಣ್ಣುತ್ತೆ. ನೀನು ಮೇಲಿನ ಮನೇಲೇ ಇರು, ಸಾಯೋ ತನಕ ಇರು, ಯಾರು ಬೇಡ ಅಂದ್ರು? ನಾನೇನು ರಾಕ್ಷಸಿಯಾ?"

"ಕಳ್ಳಿ ಅನ್ನಿಸ್ಕೊಂಡು?"

"ಜನ ಎರಡು ದಿನ ಅಂತಾರೆ, ಮರೀತಾರೆ. ಅದೇ ನೀನು ಹೋಗಿ ಪೈಪು ಅಗೆಸಿದೆ ಅಂತಿಟ್ಕೋ. ಕಲ್ಲು ಕಟ್ಟದ ನೀರು ಅಂತ ಮೂರು ತಲೆಮಾರು ಮಾರಿದ ನೀರಿನ ಪೈಪಿನಲ್ಲಿ ಕಲ್ಲು! ಪ್ಯಾರಿಸಿನಲ್ಲಿ ಬಿದ್ದೂಬಿದ್ದು ನಗ್ತಾರೆ. ಹೊಳೆಯಾಚೆಯೋರು ತಮಟೆ ಹೊಡ್ಕೊಂಡು ಬರ್ತಾರೆ. ಅಪ್ಪನ್ನ ಗೋರಿಯಿಂದ ಎತ್ತಿ ಮುಖಕ್ಕೆ ಉಗುಳಿದ ಹಾಗೆ ಆಗುತ್ತೆ. ಆ ಕೆಲಸ ನಿನ್ನ ಕೈಲಿ ಆಗೋಲ್ಲ. ನಾನು ಗಿಣ್ಣು ತಿಂದು ಬೆಳೆದೆ, ನೀನು ಅಪ್ಪನ ಕಥೆ ತಿಂದು ಬೆಳೆದೆ. ನನಗೆ ಗೊತ್ತಿಲ್ವಾ ನಿನ್ನ?"

ಇಷ್ಟು ಹೇಳಿ ಅವಳು ಪಾತ್ರೆಯನ್ನು ಒರೆಸುವ ಬಟ್ಟೆಯಲ್ಲಿ ಸುತ್ತಿ, ಮಗುವನ್ನು ಕೊಟ್ಟಂತೆ ಅಕ್ಕನ ಕೈಗೆ ಕೊಟ್ಟಳು. ಮೂಲೆಯಲ್ಲಿ ಒಲೆಯ ಮೇಲೆ ಕೆಟಲು ಹಾಡುತ್ತಿತ್ತು. ಅದರೊಳಗಿದ್ದುದು ಬಾವಿಯ ನೀರು. ಕಟ್ಟಳೆಯನ್ನು ನಂಬದವಳೂ ಅದನ್ನು ಮುರಿದಿರಲಿಲ್ಲ.

ಹಿಮ ಕರಗಿದ ಮೇಲೆ ಕೋರ್ಟು ಕಳಿಸಿದ ಇಂಜಿನಿಯರು ಬಂದ. ವೆರ್ದ್ಯೆ ಅಂತ ಹೆಸರು. ಮೋಟು ಕಾಲು, ದಪ್ಪ ಹೊಟ್ಟೆ, ಗುಡ್ಡ ಹತ್ತುವುದರೊಳಗೆ ಮೂರು ಸಲ ಬೆವರೊರೆಸಿಕೊಂಡ. ಜೊತೆಗೆ ಗುದ್ದಲಿ ಹಿಡಿದ ಕೂಲಿಯಾಳು ಬರ್ನಾಬೆ ಮತ್ತು ಅವನ ಕಡೆಯವರು. ಊರು ಊರೇ ಇಳಿಜಾರಿನ ಮೇಲೆ ಸೇರಿತ್ತು. ಹೊಳೆಯಾಚೆಯವರೂ ಬಂದು ಬೇಲಿಯ ಮೇಲೆ ಸಾಲಾಗಿ ಕೂತಿದ್ದರು. ಲಿಯೊಂತೀನ್ ಕುರ್ಚಿ ತರಿಸಿ ಕೂತಿದ್ದಳು.

"ಕಳ್ಳ ಪೈಪು ಇದೆ ಅಂತ ಹೇಳ್ತಾರೆ. ಎಲ್ಲಿ ಅಗೆಯೋದು ತಾಯಿ?" ಎಂದ ಇಂಜಿನಿಯರು.

ಅರ್ಮಾಂದ್ ಬೇಲಿಯ ಕಡೆ ನೋಡಿದಳು. ಬೆಳಿಗ್ಗೆ ಎದ್ದಾಗಿನಿಂದ ಅವಳಿಗೆ ತೋಳ ಕಣ್ಣಿಗೆ ಕಟ್ಟಿದಂತಿತ್ತು. ಈಗ ಬೇಡವೆಂದರೂ ಆಗುತ್ತದೆ. ಹೌದು ಸ್ವಾಮಿ, ನಾನೇ ಕದ್ದೆ ಎಂದರೆ ಮುಗಿಯಿತು. ತೋಳ ಲೇಬಲ್ಲಿನ ಮೇಲೆ ನೀರು ಕುಡಿಯುತ್ತಲೇ ಇರುತ್ತದೆ, ಬುಗ್ಗೆ ಮಾತ್ರ ಇನ್ನೊಬ್ಬಳ ಕಿವಿಗೆ ಪಿಸುಗುಡುತ್ತದೆ. ಕುರ್ಚಿಯ ಮೇಲಿನವಳು ಅವಳನ್ನೇ ನೋಡುತ್ತಿದ್ದಳು. ನೋಡಿ, ತುಟಿಯಂಚಿನಲ್ಲಿ ಸಣ್ಣಗೆ ನಕ್ಕಳು.

ಆ ನಗೆ ಇಲ್ಲದಿದ್ದರೆ ಏನಾಗುತ್ತಿತ್ತೋ.

"ಅಲ್ಲಿ, ಬೇಲಿ ಹತ್ರ, ಪೈಪು ಬಾಗುವ ಕಡೆ ಅಗೀರಿ" ಎಂದಳು ಅರ್ಮಾಂದ್.

ಸೊಂಟದ ಆಳಕ್ಕೆ ಪೈಪು ಸಿಕ್ಕಿತು. ಕಳ್ಳ ಪೈಪು ಯಾವುದೂ ಇರಲಿಲ್ಲ. ಕಬ್ಬಿಣ ಕೊಯ್ಯುವ ಗರಗಸ ಕರ್ರಗುಟ್ಟಿತು. ಒಂದು ಬಾಯಿ ತೆರೆಯುತ್ತಲೇ ಬರ್ನಾಬೆ ಬಗ್ಗಿ ನೋಡಿ, "ಅಬ್ಬಾ ಮಾತೆ ಮೇರಿ!" ಎಂದ. ಮುಷ್ಟಿ ಹೋಗುವಷ್ಟು ದಪ್ಪದ ಪೈಪಿನೊಳಗೆ ಪೂರ್ತಿ ಬಿಳಿಯ ಕಲ್ಲು, ಮರದ ಕಾಂಡದ ಹಾಗೆ ಸುತ್ತುಸುತ್ತಾಗಿ ಬೆಳೆದಿತ್ತು. ನಡುವೆ ಕಿರುಬೆರಳು ತೂರುವಷ್ಟು ತೂತು. ಅದರಿಂದ ನೀರು ಮಗು ಉಚ್ಚೆ ಹೊಯ್ದಂತೆ ಚಿಮ್ಮುತ್ತಿತ್ತು.

ಬೇಲಿಯ ಮೇಲಿಂದ ನಗೆ ಸಿಡಿಯಿತು. "ಕಲ್ಲು ಕಟ್ಟದ ನೀರಪ್ಪೋ!" ಎಂದು ಹೊಳೆಯಾಚೆಯವನೊಬ್ಬ ಕೂಗಿದ. "ನಮ್ಮಲ್ಲಿಗೆ ಕಳಿಸಿ, ಇದರಲ್ಲಿ ಒಳ್ಳೇ ಸಂತ ಆಂತೋನಿ ಎಬ್ಬಿಸಬಹುದು!"

ಫೋಂಲೂಬಿನವರು ಯಾರೂ ನಗಲಿಲ್ಲ. ಅರ್ಮಾಂದಳಿಗೆ ತನ್ನ ಕೆನ್ನೆಗೆ ಯಾರೋ ಹೊಡೆದಂತಾಯಿತು. ಆದರೆ ತಂಗಿ ಆಗಲೇ ಎದ್ದು ನಿಂತು, ಎರಡು ಕೈಯನ್ನೂ ಎದೆಗೆ ಹೊಡೆದುಕೊಳ್ಳುತ್ತಿದ್ದಳು.

"ನೋಡಿದ್ರಾ ಸ್ವಾಮಿ! ನೋಡಿದ್ರಾ ಇವಳ ಕೆಲಸ! ನಮ್ಮಪ್ಪನ ಕಾಲದಲ್ಲಿ ಒಂದು ಕಾಳಿನಷ್ಟು ಕಲ್ಲಿರಲಿಲ್ಲ. ಬುಗ್ಗೇನ ನೋಡ್ಕೊಳ್ಳದೆ ಯಾವುದೋ ಸುಣ್ಣದ ನೀರು ಸೇರೋಕೆ ಬಿಟ್ಟಿದಾಳೆ. ನನಗೆ ಇವತ್ತೇ ಗೊತ್ತಾಗಿದ್ದು, ದೇವರಾಣೆ! ಇಂಥೋಳ ಕೈಲಿ ಬುಗ್ಗೆ ಬಿಡ್ತೀರಾ?"

ಊರವರು ಗೊಣಗುಟ್ಟಿದರು. ಗೊಣಗು ಅರ್ಮಾಂದಳ ಕಡೆಗೇ ತಿರುಗಿತು. ಇಂಜಿನಿಯರು ಗಡ್ಡ ಕೆರೆದುಕೊಂಡ. ಒಂದು ಉಸಿರಿನೊಳಗೆ ಅರ್ಮಾಂದ್ ಕಳ್ಳಿ ಹೋಗಿ ಬುಗ್ಗೆ ಕೆಡಿಸಿದವಳಾಗಿದ್ದಳು, ಬುಗ್ಗೆ ಮತ್ತೆ ಕೈಜಾರುತ್ತಿತ್ತು. ಅಂದು ತಂಗಿ ಎದ್ದು ಹೋಗಿ ಬಾಗಿಲು ಹಾಕಿ ಬಂದ ಆ ಹೆಜ್ಜೆಗಳು ಅವಳಿಗೆ ನೆನಪಾದವು. ಅಷ್ಟು ಶಾಂತವಾಗಿ ಬಾಗಿಲು ಹಾಕುವವಳು ತನ್ನ ಪಾಲಿನ ಪೈಪನ್ನು ಸುಮ್ಮನೆ ಬಿಟ್ಟಿರುತ್ತಾಳೆಯೇ?

"ಇಂಜಿನಿಯರ್ ಸ್ವಾಮಿ, ಅಗೆಯೋದು ನಿಲ್ಲಿಸಬೇಡಿ. ಬೇಲಿಯಾಚೆ ಅವಳ ನೆಲದಲ್ಲೂ ಅಗೀರಿ. ಬಾಟಲಿ ಮನೆ ಬಾಗಿಲ ತನಕ ಅಗೀರಿ."

"ನನ್ನ ನೆಲದಲ್ಲಿ ಯಾಕೆ?" ಲಿಯೊಂತೀನಳ ದನಿ ಮೊದಲ ಬಾರಿಗೆ ಒಡೆಯಿತು. "ನೀರು ಕೆಟ್ಟಿದ್ದು ಅವಳ ಕಡೆ!"

"ಒಂದೇ ನೀರಲ್ವೇನೇ ಹರಿದಿದ್ದು? ನನ್ನ ಕಡೆ ಕಲ್ಲು ಕಟ್ಟಿದ್ರೆ ನಿನ್ನ ಕಡೆಯೂ ಕಟ್ಟಿರಬೇಕು. ಯಾಕೆ, ಭಯವಾ?"

"ಭಯವಂತೆ ಭಯ! ನನ್ನ ಗುಲಾಬಿ ಗಿಡ ಹಾಳಾಗುತ್ತೆ."

"ಹಾಳಾಗಲಿ ಬಿಡಮ್ಮ, ಅರ್ಧ ಊರು ಹಾಳಾಗ್ತಾ ಇದೆ" ಎಂದ ಬರ್ನಾಬೆ. ಅವನ ಹೆಂಡತಿ ಬಾಟಲಿ ಮನೆಯಲ್ಲೇ ಕೆಲಸಕ್ಕಿದ್ದಳು.

ಕಾಲುವೆಯ ಹಾಗೆ ಉದ್ದಕ್ಕೆ ಅಗೆದರು. ಗುಲಾಬಿಗಳು ಬೇರು ಸಮೇತ ಬದಿಗೆ ಬಿದ್ದವು. ಬಾಟಲಿ ಮನೆಯ ನೆಲಮಾಳಿಗೆಯ ಮೆಟ್ಟಿಲ ಮುಂದೆ ಬಂದು ಗರಗಸ ಹಾಕಿದರು. ಒಳಗೆ ಪೈಪು ತೊಳೆದ ಬಟ್ಟಲಿನಂತೆ ಹೊಳೆಯುತ್ತಿತ್ತು. ಇಂಜಿನಿಯರು ಕೈ ತೂರಿಸಿ, ಬೆರಳಾಡಿಸಿ, ಹೊರಗೆ ತೆಗೆದ. ಕಬ್ಬಿಣದ ಒಳಮೈಯಲ್ಲಿ ಉಳಿ ಆಡಿಸಿದ ಹೊಸ ಗೀರುಗಳು ಉದ್ದಕ್ಕೂ ಇದ್ದವು.

"ಇದನ್ನ ಇತ್ತೀಚೆಗೆ ಕೆರೆಸಿದ್ದಾರೆ" ಎಂದ ಅವನು. ತಿರುಗಿ ಲಿಯೊಂತೀನಳನ್ನು ನೋಡಿದ. "ಇವತ್ತೇ ಗೊತ್ತಾಯ್ತು ಅಂದಿರಿ?"

ಇಪೊಲೀತ್ ಟೋಪಿ ತೆಗೆದು ಅದರೊಳಗೆ ಏನೋ ಕಳೆದುಹೋದಂತೆ ನೋಡತೊಡಗಿದ. ಊರವರ ಗೊಣಗು ನಿಂತಿತು. ಲಿಯೊಂತೀನ್ ಮಾತ್ರ ತಲೆ ತಗ್ಗಿಸಲಿಲ್ಲ. ನೇರವಾಗಿ ಅಕ್ಕನ ಮುಂದೆ ಬಂದು ನಿಂತಳು.

"ಹೊಟ್ಟೆ ತಣ್ಣಗಾಯ್ತಾ?"

"ಇಲ್ಲ."

"ಮನೆಗೆ ಬೆಂಕಿ ಇಟ್ಟೆ. ಅಪ್ಪನ ಹೆಸರು ಹೋಯ್ತು, ನನ್ನ ಅನ್ನ ಹೋಯ್ತು. ನಾಳೆಯಿಂದ ನಿನ್ನ ನೀರಿನಲ್ಲಿ ನಾಯಿ ಕೂಡ ಬಾಯಿ ತೊಳೆಯೋಲ್ಲ."

"ನಾಯಿ ವಿಷಯ ನಿನಗೆ ಚೆನ್ನಾಗಿ ಗೊತ್ತಿರುತ್ತೆ."

ಆ ಹೊತ್ತಿಗೆ ಮೇಲೆ ಬೇಲಿಯ ಬಳಿ, ಕೋರ್ಟಿಗೆ ತೋರಿಸಲು ಬೇಕೆಂದು, ಆಳುಗಳು ಕಲ್ಲು ತುಂಬಿದ ಆ ಬಾಗಿದ ತುಂಡನ್ನು ಮೇಲಿನ ತುದಿಯಿಂದಲೂ ಕೊಯ್ದು ಎತ್ತಿಬಿಟ್ಟರು. ವರ್ಷಗಟ್ಟಲೆ ಗಂಟಲು ಕಟ್ಟಿಕೊಂಡಿದ್ದ ಬುಗ್ಗೆ ಒಮ್ಮೆಲೇ ಬಾಯಿ ಬಿಟ್ಟಿತು. ನೀರು ಆಳೆತ್ತರಕ್ಕೆ ಹಾರಿ, ನೊರೆ ಕಾರುತ್ತ, ಹೊಸದಾಗಿ ಅಗೆದ ಕಾಲುವೆಗೆ ಬಿತ್ತು. ಬಿದ್ದದ್ದು ಇಳಿಜಾರು ಹಿಡಿಯಿತು. ಕೆಮ್ಮಣ್ಣನ್ನೂ ಗುಲಾಬಿ ಗಿಡಗಳನ್ನೂ ಹೊತ್ತುಕೊಂಡು, ಭುಸುಗುಡುತ್ತ, ಕಾಲುವೆ ಕೊನೆಯಾದಲ್ಲಿಗೆ, ನೆಲಮಾಳಿಗೆಯ ಮೆಟ್ಟಿಲಿಗೆ ಬಂದಿತು. ಕೆಳಗೆ ಸಾಗಿಸಲು ಕಟ್ಟಿಟ್ಟ ಪೆಟ್ಟಿಗೆಗಳಿದ್ದವು, ಲೇಬಲ್ಲಿನ ಕಟ್ಟುಗಳಿದ್ದವು.

"ವಾಲ್ವು! ವಾಲ್ವು ಮುಚ್ಚಿ!" ಎಂದು ಇಂಜಿನಿಯರು ಚೀರಿದ. ಚೀರುತ್ತ ಗುಡ್ಡ ಹತ್ತಲು ಓಡಿ, ಒದ್ದೆ ಮಣ್ಣಿನಲ್ಲಿ ಜಾರಿ ಅಂಗಾತ ಬಿದ್ದ. ಎದ್ದ. ಮತ್ತೆ ಬಿದ್ದ. "ಅಮ್ಮಾ, ನಿಮ್ಮ ಅಂಗಳದಲ್ಲಿದೆ, ಓಡಿ!"

"ಅಕ್ಕಾ!" ಎಂದು ಲಿಯೊಂತೀನ್ ಕಿರುಚಿದಳು. ಮೆಟ್ಟಿಲಿಗೆ ಅಡ್ಡ ನಿಂತು, ಲಂಗ ಹರಡಿ ನೀರು ತಡೆಯಲು ನೋಡುತ್ತಿದ್ದಳು. ಮೊಣಕಾಲ ತನಕ ಗುಳ್ಳೆಗಳು. "ಅಕ್ಕಾ, ಮುಚ್ಚೇ! ನಿನ್ನ ಕಾಲಿಗೆ ಬೀಳ್ತೀನಿ, ವಾಲ್ವು ಮುಚ್ಚೇ!"

ಅರ್ಮಾಂದ್ ತಂಗಿಯ ಖಾಲಿ ಕುರ್ಚಿಯನ್ನು ಎಳೆದುಕೊಂಡು, ಒಣಗಿದ ಜಾಗ ನೋಡಿ ಕೂತಳು.

"ಅದಕ್ಕೆ ಮುದ್ರೆ ಹಾಕಿದಾರಲ್ಲ. ಕೈ ಹಾಕೋದಿಲ್ಲ ಅಂತ ಶಿಲುಬೆ ಮುಟ್ಟಿ ಹೇಳಿದೀನಿ" ಎಂದಳು. "ಕೋರ್ಟಿಗೆ ನಂಬಿಕೆ ಬರಬೇಕಲ್ವಾ?"